ಹೇರೋಹಳ್ಳಿಯ ತಾರಸಿ, ಶರಾವತಿಯ ಕಣಿವೆ: ಒಂದು ಯೂನಿಟ್ಟಿನ ಲೆಕ್ಕ

ಬೆಂಗಳೂರಿನ ಪಶ್ಚಿಮಕ್ಕೆ ಮಾಗಡಿ ರಸ್ತೆಯನ್ನು ಹಿಡಿದು ಹೋದರೆ ಸಿಗುವ ಹೇರೋಹಳ್ಳಿಯನ್ನು ಇಂದು ಯಾರೂ ಹಳ್ಳಿ ಎನ್ನಲಾರರು. ಕೆರೆಯೊಂದು ಉಳಿದಿದೆ, ಹೆಸರು ಉಳಿದಿದೆ. ಸುತ್ತಲಿನದೆಲ್ಲ ಒತ್ತೊತ್ತಾಗಿ ನಿಂತ ಎರಡು-ಮೂರು ಮಹಡಿಯ ಮನೆಗಳು. ಇಂಥ ಬಡಾವಣೆಗಳ ತಾರಸಿಗಳಲ್ಲಿ ಕಪ್ಪು ನೀರಿನ ಟ್ಯಾಂಕು ಮತ್ತು ಸೋಲಾರ್ ವಾಟರ್ ಹೀಟರುಗಳ ಜೊತೆಗೆ ಅಲ್ಲೊಂದು ಇಲ್ಲೊಂದು ನೀಲಿ ಫಲಕವೂ ಕಾಣುತ್ತದೆ. ಅದರ ತಂತಿ ಮೆಟ್ಟಿಲ ಕೆಳಗಿನ ಗೂಡಿಗೆ ಇಳಿದು ಒಂದೆರಡು ಬ್ಯಾಟರಿ ಮತ್ತು ಒಂದು ಇನ್ವರ್ಟರನ್ನು ಸೇರುತ್ತದೆ. ಇನ್ವರ್ಟರಿನ ಮುಖದ ಮೇಲೆ ಪುಟ್ಟ ಪರದೆ, ಪರದೆಯಲ್ಲಿ ನಾಲ್ಕಾರು ಅಂಕಿ. ಆ ಅಂಕಿಗಳನ್ನು ಬಹುಪಾಲು ಮನೆಗಳಲ್ಲಿ ಯಾರೂ ಓದುವುದಿಲ್ಲ. ಓದಿದರೂ ತಪ್ಪಾಗಿ ಓದುತ್ತಾರೆ.

ಮಲೆನಾಡಿನ ಪತ್ರಿಕೆಯೊಂದಕ್ಕೆ ಹೇರೋಹಳ್ಳಿಯ ಇನ್ವರ್ಟರಿನ ಉಸಾಬರಿ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಮಲೆನಾಡಿನ ಚಳವಳಿಯ ವಾದದಲ್ಲಿಯೇ ಇದೆ. ಬೆಂಗಳೂರಿನ ತಾರಸಿಗಳ ಮೇಲೆ ವರ್ಷದ ಬಹುಭಾಗ ಬಿಸಿಲು ಸುರಿಯುತ್ತಿರುವಾಗ ಕಣಿವೆಗಳನ್ನೇಕೆ ಬಗೆಯಬೇಕು ಎಂದು ಪಶ್ಚಿಮ ಘಟ್ಟದ ಜನ ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಪ್ರಶ್ನೆಗೆ ಬಲ ಬರುವುದು ಆ ತಾರಸಿ ನಿಜವಾಗಿ ಎಷ್ಟು ಕೊಡುತ್ತದೆ, ಎಷ್ಟು ಕೊಡಲಾರದು ಎಂಬುದು ಅಂಕಿಯಲ್ಲಿ ತಿಳಿದಾಗ. ಯೂನಿಟ್ಟಿನ ಲೆಕ್ಕ ಬಾರದ ವಾದವನ್ನು ಯೋಜನಾ ವರದಿಯ ಮೊದಲ ಪುಟವೇ ಉರುಳಿಸಿಬಿಡುತ್ತದೆ.

ಹರಿವು ಬೇರೆ, ಸಂಗ್ರಹ ಬೇರೆ

ಎಲ್ಲ ಗೊಂದಲದ ಮೂಲ ವ್ಯಾಟ್ ಮತ್ತು ವ್ಯಾಟ್-ಗಂಟೆಗಳನ್ನು ಒಂದೇ ಎಂದು ತಿಳಿಯುವುದರಲ್ಲಿದೆ. ವ್ಯಾಟ್ ಎಂಬುದು ಹರಿವಿನ ವೇಗ. ಅಬ್ಬಿಯ ದಂಬೆಯಲ್ಲಿ ಈ ಕ್ಷಣಕ್ಕೆ ಎಷ್ಟು ನೀರು ಬರುತ್ತಿದೆ ಎಂಬಂತೆ. ವ್ಯಾಟ್-ಗಂಟೆ ಎಂಬುದು ಆ ನೀರು ಹಂಡೆಯಲ್ಲಿ ಎಷ್ಟು ತುಂಬಿತು ಎಂಬುದು. ಸಾವಿರ ವ್ಯಾಟ್-ಗಂಟೆ ಸೇರಿದರೆ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್. ಪರದೆಯಲ್ಲಿ ‘620’ ಎಂದು ಕಂಡರೆ ಅದು ಈ ಕ್ಷಣದ ಹರಿವು. ಮೋಡವೊಂದು ಹಾದುಹೋದರೆ ಅರ್ಧ ನಿಮಿಷದಲ್ಲಿ ಅದು ನೂರೈವತ್ತಕ್ಕೆ ಇಳಿಯಬಹುದು. ದಿನದ ಕೊನೆಗೆ ‘3.4’ ಎಂದು ಕಾಣುವುದು ಸಂಗ್ರಹ. ಮೊದಲಿನದನ್ನು ನೋಡಿ ಹಿಗ್ಗುವುದೂ ಕುಗ್ಗುವುದೂ ವ್ಯರ್ಥ. ಲೆಕ್ಕಕ್ಕೆ ಬರುವುದು ಎರಡನೆಯದು.

ಒಂದು ಕಿಲೋವ್ಯಾಟ್ ಫಲಕ ಎಂದು ಮಾರುವವರು ಹೇಳಿದಾಗ ಅದು ಪ್ರಯೋಗಾಲಯದ ಮಾತು. ಚದರ ಮೀಟರಿಗೆ ಸಾವಿರ ವ್ಯಾಟ್ ಬಿಸಿಲು, ಫಲಕದ ಕೋಶಗಳ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಎಂಬ ಷರತ್ತಿನಲ್ಲಿ ಅದು ಒಂದು ಕಿಲೋವ್ಯಾಟ್. ಮಾರ್ಚ್ ತಿಂಗಳ ಮಧ್ಯಾಹ್ನ ಹೇರೋಹಳ್ಳಿಯ ತಾರಸಿಯ ಮೇಲೆ ಕೋಶಗಳು 55-60 ಡಿಗ್ರಿಗೆ ಕಾಯುತ್ತವೆ. ಸಿಲಿಕಾನ್ ಕೋಶ 25ರ ಮೇಲಿನ ಪ್ರತಿ ಡಿಗ್ರಿಗೂ ಸುಮಾರು ಶೇ. 0.35ರಿಂದ 0.4ರಷ್ಟು ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಕಾವಿಗೇ ಶೇ. 10ರಿಂದ 14ರಷ್ಟು ಹೋಗುತ್ತದೆ. ಉರಿಬಿಸಿಲಿದ್ದರೆ ಉತ್ಪಾದನೆಯೂ ಹೆಚ್ಚು ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಮಳೆ ತೊಳೆದುಹೋದ ಮರುದಿನದ ತಂಪು ಬಿಸಿಲಿನಲ್ಲಿ ಅಂಕಿ ಹೆಚ್ಚು ಏರುವುದುಂಟು. ರಸ್ತೆಯ ಧೂಳು, ಪಕ್ಕದ ಮನೆಯ ಟ್ಯಾಂಕಿನ ನೆರಳು, ತೆಂಗಿನ ಒಂದು ಗರಿ ಇವೂ ಪಾಲು ಪಡೆಯುತ್ತವೆ. ಫಲಕದೊಳಗಿನ ಕೋಶಗಳು ಒಂದರ ಹಿಂದೊಂದು ಸಾಲಾಗಿ ಜೋಡಣೆಯಾಗಿರುವ ಕಾರಣ ಅಂಗೈಯಗಲದ ನೆರಳು ಬಿದ್ದರೂ ಒಂದಿಡೀ ಸಾಲು ಮಂಕಾಗುತ್ತದೆ. ಇವೆಲ್ಲವನ್ನೂ ಕಳೆದು, ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡಬಲ್ಲದು ಎಂಬುದು ಒಪ್ಪಿತ ಅಂದಾಜು. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು, ಆಷಾಢ-ಶ್ರಾವಣಗಳಲ್ಲಿ ಕಡಿಮೆ. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಬಹಳ ಕಡಿಮೆ.

ವೋಲ್ಟೇಜಿನ ಮೋಸ

ಬ್ಯಾಟರಿಯ ಮೇಲೆ 12 ವೋಲ್ಟ್, 150 ಆಂಪಿಯರ್-ಗಂಟೆ ಎಂದು ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ 1800 ವ್ಯಾಟ್-ಗಂಟೆ, ಅಂದರೆ 1.8 ಯೂನಿಟ್. ಎರಡು ಬ್ಯಾಟರಿ ಇದ್ದರೆ 3.6 ಯೂನಿಟ್. ಇಷ್ಟನ್ನೂ ಬಳಸಬಹುದೆಂದು ಭಾವಿಸುವುದು ಕಣಜದ ಬೀಜದ ಭತ್ತವನ್ನೂ ಊಟದ ಲೆಕ್ಕಕ್ಕೆ ಹಿಡಿದಂತೆ. ಸೀಸ-ಆಮ್ಲದ ಬ್ಯಾಟರಿಯನ್ನು ಪ್ರತಿದಿನವೂ ಬುಡದವರೆಗೆ ಬರಿದು ಮಾಡಿದರೆ ಅದರ ಆಯುಷ್ಯ ವೇಗವಾಗಿ ಕುಗ್ಗುತ್ತದೆ. ಅರ್ಧದಷ್ಟನ್ನು ಮಾತ್ರ ಬಳಸುವುದು ಕ್ಷೇಮ. ಹೀಗೆ ಎರಡು ಬ್ಯಾಟರಿಯ ಮನೆಗೆ ದಿನಕ್ಕೆ ದಕ್ಕುವುದು 1.8 ಯೂನಿಟ್. ಆ 150 ಎಂಬ ಅಂಕಿಗೂ ಒಂದು ಷರತ್ತಿದೆ: ಸೋಲಾರ್ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಅದು ಹತ್ತು ಗಂಟೆಗಳ ಕಾಲ 15 ಆಂಪಿಯರಿನಂತೆ ನಿಧಾನವಾಗಿ ಎಳೆದಾಗ ಸಿಗುವ ಅಳತೆ. 30 ಆಂಪಿಯರಿನಂತೆ ಎಳೆದರೆ ಐದು ಗಂಟೆ ಬಾರದು. ಅದಕ್ಕೂ ಮೊದಲೇ ಮುಗಿಯುತ್ತದೆ.

ಎಷ್ಟು ಉಳಿದಿದೆ ಎಂದು ತಿಳಿಯಲು ಬಹುತೇಕರು ನೋಡುವುದು ವೋಲ್ಟೇಜನ್ನು, ಇಲ್ಲವೇ ವೋಲ್ಟೇಜನ್ನೇ ಆಧರಿಸಿ ಉರಿಯುವ ನಾಲ್ಕು ಹಸಿರು ದೀಪಗಳನ್ನು. 12 ವೋಲ್ಟಿನ ಸೀಸದ ಬ್ಯಾಟರಿ ತುಂಬಿದಾಗ 12.7ರ ಆಸುಪಾಸು, ಅರ್ಧವಾದಾಗ 12.2ರ ಆಸುಪಾಸು ತೋರಿಸುತ್ತದೆ. 12ರ ಕೆಳಗೆ ಇಳಿದರೆ ಬರಿದಾಗುತ್ತಿದೆ ಎಂದರ್ಥ. ಆದರೆ ಈ ಅಂಕಿಗಳು ಸತ್ಯವಾಗುವುದು ಬ್ಯಾಟರಿಗೆ ಒಳಹರಿವೂ ಹೊರಹರಿವೂ ಇಲ್ಲದೆ ಕೆಲವು ಗಂಟೆ ವಿಶ್ರಾಂತಿ ದೊರೆತ ಮೇಲೆ. ಬಿಸಿಲಿನಲ್ಲಿ ಚಾರ್ಜಾಗುತ್ತಿರುವಾಗ ಅದೇ ಬ್ಯಾಟರಿ 14.4 ತೋರಿಸುತ್ತದೆ, ಆಗ ಅದು ತುಂಬಿಲ್ಲದೆಯೂ ಇರಬಹುದು. ರಾತ್ರಿ ಮಿಕ್ಸಿ ತಿರುಗಿಸಿದ ಕ್ಷಣ 11.6ಕ್ಕೆ ಕುಸಿಯುತ್ತದೆ, ಆಗ ಅದು ಬರಿದಾಗಿಲ್ಲದೆಯೂ ಇರಬಹುದು. ಪಂಪು ಓಡುತ್ತಿರುವಾಗ ಬಾವಿಯ ನೀರಿನ ಮಟ್ಟವನ್ನು ಅಳೆದು ಒರತೆಯನ್ನು ಅಂದಾಜು ಮಾಡುವ ರೈತ ಇಲ್ಲ. ಪಂಪು ನಿಲ್ಲಿಸಿ, ನೀರು ನಿಂತ ಮೇಲೆ ಹಗ್ಗ ಇಳಿಬಿಡುತ್ತಾನೆ. ಬ್ಯಾಟರಿಗೂ ಅದೇ ನಿಯಮ.

ಲಿಥಿಯಂ ಬ್ಯಾಟರಿ ಬಂದ ಮೇಲೆ ಈ ಹಗ್ಗವೂ ಕೆಲಸಕ್ಕೆ ಬಾರದಾಗಿದೆ. ಮನೆಗಳಿಗೆ ಹೆಚ್ಚಾಗಿ ಬರುತ್ತಿರುವ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿ ಶೇ. 80ರಿಂದ ಶೇ. 20ಕ್ಕೆ ಇಳಿಯುವವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜನ್ನು ತೋರಿಸುತ್ತ ಹೋಗಿ, ಕೊನೆಯಲ್ಲಿ ಥಟ್ಟನೆ ಕುಸಿಯುತ್ತದೆ. ಆದುದರಿಂದ ಅಲ್ಲಿ ವೋಲ್ಟೇಜು ಬಿಟ್ಟು, ಒಳಗೆ ಹೋದ ಮತ್ತು ಹೊರಗೆ ಬಂದ ವಿದ್ಯುತ್ತನ್ನು ಎಣಿಸಿಯೇ ಶೇಕಡಾವಾರು ತೋರಿಸಬೇಕು. ಈ ಎಣಿಕೆ ಅಂಗಡಿಯ ಗುಮಾಸ್ತನ ಖಾತೆಯಂತೆ. ದಿನಕ್ಕೆ ಕಾಸಿನಷ್ಟು ತಪ್ಪಿದರೂ ತಿಂಗಳ ಕೊನೆಗೆ ತಿಜೋರಿಗೂ ಪುಸ್ತಕಕ್ಕೂ ತಾಳೆಯಾಗದು. ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸಿದರೆ ಎಣಿಕೆ ಮತ್ತೆ ಸರಿಹೋಗುತ್ತದೆ. ‘ಶೇ. 40 ಇತ್ತು, ಇದ್ದಕ್ಕಿದ್ದಂತೆ ಆರಿಹೋಯಿತು’ ಎಂಬ ದೂರುಗಳಲ್ಲಿ ಹಲವು ಬ್ಯಾಟರಿಯ ದೋಷದವಲ್ಲ, ಖಾತೆ ತಪ್ಪಿದವು.

ಬಿಸಿಲಿದ್ದೂ ಇಳಿದ ಅಂಕಿ

ಮನೆಯವರನ್ನು ಅತಿ ಹೆಚ್ಚು ಗಾಬರಿಗೊಳಿಸುವ ದೃಶ್ಯ ಇದು: ನಡುಮಧ್ಯಾಹ್ನ, ಮೋಡವಿಲ್ಲದ ಆಕಾಶ, ಆದರೆ ಪರದೆಯಲ್ಲಿ ಫಲಕದ ಉತ್ಪಾದನೆ ಬರೀ 60 ವ್ಯಾಟ್. ಫಲಕ ಕೆಟ್ಟಿತೆಂದು ಅಂಗಡಿಗೆ ಫೋನ್ ಹೋಗುತ್ತದೆ. ಕೆಟ್ಟಿರುವುದು ಏನೂ ಇಲ್ಲ. ಬ್ಯಾಟರಿ ತುಂಬಿದೆ, ಮನೆಯಲ್ಲಿ ಬಳಕೆ ಇಲ್ಲ, ಗ್ರಿಡ್ಡಿಗೆ ಕಳುಹಿಸುವ ವ್ಯವಸ್ಥೆಯೂ ಇಲ್ಲ. ಆಗ ಚಾರ್ಜ್ ಕಂಟ್ರೋಲರ್ ಫಲಕದ ಬಾಯಿ ಕಟ್ಟುತ್ತದೆ. ಬ್ಯಾಟರಿ ತುಂಬುವ ಕೊನೆಯ ಹಂತದಲ್ಲೂ ಹೀಗೆಯೇ. ಸೀಸದ ಬ್ಯಾಟರಿ ಶೇ. 80 ದಾಟಿದ ಮೇಲೆ ಕೊಟ್ಟಷ್ಟನ್ನು ಕುಡಿಯಲಾರದೆ ನಿಧಾನವಾಗಿ ಹೀರುತ್ತದೆ.

ಇದರಿಂದ ಹೊರಡುವ ಸತ್ಯವನ್ನು ಗಮನಿಸಬೇಕು. ಗ್ರಿಡ್ಡಿಗೆ ಕೊಡದ ಪುಟ್ಟ ವ್ಯವಸ್ಥೆಯಲ್ಲಿ ‘ಇಂದಿನ ಉತ್ಪಾದನೆ’ ಎಂಬ ಅಂಕಿ ಬಿಸಿಲಿನ ಅಳತೆಯಲ್ಲ, ಬಳಕೆಯ ಅಳತೆ. ಒಂದು ಕಿಲೋವ್ಯಾಟ್ ಫಲಕ ಏಪ್ರಿಲ್‌ನಲ್ಲಿ 2 ಯೂನಿಟ್ ಮಾತ್ರ ತೋರಿಸುತ್ತಿದ್ದರೆ, ಇನ್ನೂ ಎರಡಕ್ಕಿಂತ ಹೆಚ್ಚು ಯೂನಿಟ್ ತಾರಸಿಯ ಮೇಲೆಯೇ ಕಾವಾಗಿ ಕಳೆದುಹೋಗುತ್ತಿದೆ ಎಂದರ್ಥ. ಅದಕ್ಕೆ ಮತ್ತೊಂದು ಫಲಕ ಕೊಳ್ಳುವುದು ಪರಿಹಾರವಲ್ಲ. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟಾರು, ದೋಸೆಹಿಟ್ಟಿನ ಗ್ರೈಂಡರು, ಇಸ್ತ್ರಿ ಇವುಗಳಲ್ಲಿ ಇನ್ವರ್ಟರು ತಡೆಯುವಷ್ಟನ್ನು ಹನ್ನೊಂದರಿಂದ ಮೂರರ ನಡುವೆ ಮುಗಿಸಿಕೊಳ್ಳುವುದು ಪರಿಹಾರ.

ಇನ್ನೊಂದು ಭ್ರಮೆ ಇದಕ್ಕಿಂತ ಸೂಕ್ಷ್ಮವಾದದ್ದು. ಬೆಳಿಗ್ಗೆ ಎಂಟಕ್ಕೇ ಬ್ಯಾಟರಿ ನೂರಕ್ಕೆ ನೂರು ತೋರಿಸಿದರೆ ಮನೆಯವರಿಗೆ ನೆಮ್ಮದಿ. ಆದರೆ ಎಂಟು ಗಂಟೆಗೆ ಅದನ್ನು ತುಂಬಿಸಿದವರಾರು? ಬಿಸಿಲಂತೂ ಅಲ್ಲ. ಅನೇಕ ಇನ್ವರ್ಟರುಗಳನ್ನು ಅಂಗಡಿಯವರು ಗ್ರಿಡ್ಡಿಗೇ ಮೊದಲ ಆದ್ಯತೆ ಎಂಬ ಹೊಂದಿಕೆಯಲ್ಲಿ ಬಿಟ್ಟುಹೋಗಿರುತ್ತಾರೆ. ರಾತ್ರಿ ಕಳೆದದ್ದನ್ನು ಬೆಸ್ಕಾಂ ತಂತಿ ನಸುಕಿನೊಳಗೆ ತುಂಬಿಸಿಬಿಡುತ್ತದೆ; ಬಿಸಿಲು ಏರಿ ಬಂದಾಗ ಹಂಡೆಯಲ್ಲಿ ಜಾಗವಿಲ್ಲ. ಸದಾ ತುಂಬಿರುವ ಬ್ಯಾಟರಿ ಸೌರಶಕ್ತಿಯ ಯಶಸ್ಸಿನ ಗುರುತಲ್ಲ, ಅದು ಕೆಲಸವಿಲ್ಲದೆ ಕುಳಿತಿರುವುದರ ಗುರುತು. ಹೇರೋಹಳ್ಳಿಯಂಥ ಬಡಾವಣೆಯಲ್ಲಿ ಇಂಥ ಮನೆಯೊಂದು ತಾರಸಿಯ ಮೇಲೆ ಫಲಕವನ್ನು ಹೊತ್ತೂ ಫಲಕವಿಲ್ಲದ ಮನೆಗಿಂತ ಹೆಚ್ಚು ಗ್ರಿಡ್ ವಿದ್ಯುತ್ತನ್ನು ತಿನ್ನುತ್ತಿರಲು ಸಾಧ್ಯ. ಏಕೆಂದರೆ ಬ್ಯಾಟರಿಯ ನಷ್ಟವೂ ಇನ್ವರ್ಟರಿನ ಹಸಿವೂ ಅದರ ಖಾತೆಗೆ ಸೇರುತ್ತವೆ.

ಭತ್ತ ಮತ್ತು ಅಕ್ಕಿ

ಒಂದು ದಿನದ ಜಮಾಖರ್ಚನ್ನು ಉದಾಹರಣೆಗಾಗಿ ಕಟ್ಟಿ ನೋಡಬಹುದು. ಒಂದು ಕಿಲೋವ್ಯಾಟ್ ಫಲಕ, ಎರಡು 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ, ಒಂದು ಇನ್ವರ್ಟರು ಇರುವ ಮನೆ. ಗ್ರಿಡ್ಡಿನಿಂದ ಏನನ್ನೂ ತೆಗೆದುಕೊಂಡಿಲ್ಲವೆಂದು ಇಟ್ಟುಕೊಳ್ಳಬಹುದು. ಫಲಕದಿಂದ ಬಂದದ್ದು 3.4 ಯೂನಿಟ್. ಚಾರ್ಜ್ ಕಂಟ್ರೋಲರಿನಲ್ಲಿ ಶೇ. 5ರಷ್ಟು, ಅಂದರೆ 0.17 ಯೂನಿಟ್ ಕಾವಾಗಿ ಹೋಯಿತು. ಉಳಿದದ್ದರಲ್ಲಿ 1.4 ಯೂನಿಟ್ ಬ್ಯಾಟರಿಯನ್ನು ಹೊಕ್ಕಿತು. ರಾತ್ರಿ ಅದರಿಂದ ಹೊರಬಂದದ್ದು 1.12. ಇಲ್ಲಿ 0.28 ನಷ್ಟ. ಇನ್ವರ್ಟರು ಯಾವ ದೀಪ ಉರಿಯದಿದ್ದರೂ ತನ್ನ ಜೀವ ಹಿಡಿದಿಡಲು 20 ವ್ಯಾಟ್ ಬೇಡುತ್ತದೆ ಎಂದುಕೊಂಡರೆ, ದಿನದ 24 ಗಂಟೆಗೆ ಅದು 0.48 ಯೂನಿಟ್. ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವಾಗ ಇನ್ನೂ 0.17. ಒಟ್ಟು ನಷ್ಟ 1.1. ಮನೆಯ ಸ್ವಿಚ್ಚುಗಳನ್ನು ತಲುಪಿದ್ದು 2.3 ಯೂನಿಟ್.

ಪರದೆಯಲ್ಲಿ ಈ ಅಂಕಿಗಳು ಬೇರೆಬೇರೆ ಪುಟಗಳಲ್ಲಿ ಕಾಣುತ್ತವೆ. ಒಂದಕ್ಕೊಂದು ಹೊಂದುವುದಿಲ್ಲವೆಂದು ಮೀಟರನ್ನು ಶಂಕಿಸುವುದು ಸುಲಭ. ವಾಸ್ತವದಲ್ಲಿ ಅವು ಒಂದೇ ದಾರಿಯ ನಾಲ್ಕು ತಾಣಗಳಲ್ಲಿ ಅಳೆದ ಅಂಕಿಗಳು. ಕೃಷಿಕರಿಗೆ ಇದು ಹೊಸ ಮಾತಲ್ಲ. ಒಂದು ಕ್ವಿಂಟಲ್ ಭತ್ತವನ್ನು ಗಿರಣಿಗೆ ಹಾಕಿದರೆ ಬರುವ ಅಕ್ಕಿ 65ರಿಂದ 68 ಕಿಲೋ. ತೌಡು, ಹೊಟ್ಟು, ನುಚ್ಚು ಎಲ್ಲಿ ಹೋದವೆಂದು ಗಿರಣಿಯವನ ಮೇಲೆ ಯಾರೂ ಜಗಳಕ್ಕೆ ಹೋಗುವುದಿಲ್ಲ. ಮೇಲಿನ ಮನೆಯಲ್ಲಿ 3.4 ಭತ್ತ, 2.3 ಅಕ್ಕಿ. ಪ್ರಮಾಣ ಶೇ. 68. ಮಾರುವವರು ಭತ್ತದ ಅಂಕಿ ಹೇಳಿ ಹಣ ಪಡೆಯುತ್ತಾರೆ, ಮನೆಯವರು ಅಕ್ಕಿ ಉಣ್ಣುತ್ತಾರೆ. ಇವೆರಡರ ನಡುವಿನ ಅಂತರವನ್ನು ಮೊದಲೇ ತಿಳಿಸುವುದು ಮಾರುವವರ ಧರ್ಮವಾಗಬೇಕು.

ಈ ಲೆಕ್ಕದಲ್ಲಿ ಅತಿ ದೊಡ್ಡ ನಷ್ಟ ಯಾವುದೆಂಬುದನ್ನು ಗಮನಿಸಬೇಕು. ಜನ ಶಂಕಿಸುವ ಬ್ಯಾಟರಿಯಲ್ಲ, ಯಾರೂ ನೋಡದ ಇನ್ವರ್ಟರಿನ ಸುಮ್ಮನಿರುವ ಹಸಿವು. ಮನೆಗೆ ಬೇಕಾದುದಕ್ಕಿಂತ ದೊಡ್ಡ ಇನ್ವರ್ಟರು ಕೊಂಡರೆ ಈ ಹಸಿವೂ ಸಾಮಾನ್ಯವಾಗಿ ದೊಡ್ಡದು. ಅಂತೆಯೇ ಖರ್ಚಿನ ಕಡೆಗೆ ನೋಡಿದರೆ, 75 ವ್ಯಾಟಿನ ಎರಡು ಹಳೆಯ ಫ್ಯಾನುಗಳು ರಾತ್ರಿ ಎಂಟು ಗಂಟೆ ತಿರುಗಿದರೆ 1.2 ಯೂನಿಟ್. ಅದೇ ಗಾಳಿ ಕೊಡುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ 0.48. ಉಳಿತಾಯ 0.72 ಯೂನಿಟ್, ಎಂದರೆ ಬಳಸಬಹುದಾದ 1.8 ಯೂನಿಟ್ಟಿನ ಬ್ಯಾಟರಿಗೆ ಶೇ. 40ರಷ್ಟು ಸಾಮರ್ಥ್ಯ ಸೇರಿಸಿದಂತೆ. ಸೀಸವಿಲ್ಲ, ಆಮ್ಲವಿಲ್ಲ, ಡಿಸ್ಟಿಲ್ಡ್ ವಾಟರ್ ಹಾಕುವ ಗೋಜಿಲ್ಲ.

ಸೊನ್ನೆ ಬಿಲ್ಲಿನ ಹಿಂದೆ

ಹಣದ ಲೆಕ್ಕ ಮಾಡಿದರೆ ಚಿತ್ರ ಬೇರೆಯಾಗುತ್ತದೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ನಿಗದಿಯಾದಷ್ಟು ವಿದ್ಯುತ್ ಮನೆಗಳಿಗೆ ಉಚಿತ. ಈ ಮಿತಿಯೊಳಗಿರುವ ಮನೆಗೆ ತಾರಸಿಯಿಂದ ದಿನಕ್ಕೆ 2.3ರಂತೆ ತಿಂಗಳಿಗೆ 69 ಯೂನಿಟ್ ಬಂದರೂ ಉಳಿಯುವ ರೂಪಾಯಿ ಸೊನ್ನೆ. ಬಡ ಮತ್ತು ಕೆಳಮಧ್ಯಮ ವರ್ಗದ ಮನೆಗಳಿಗೆ ಈ ಯೋಜನೆ ತಂದ ನೆಮ್ಮದಿಯನ್ನು ಹೀಗಳೆಯಬೇಕಾಗಿಲ್ಲ. ಆದರೆ ಬಿಲ್ಲಿನಲ್ಲಿ ರೂಪಾಯಿ ಸೊನ್ನೆಯಾದಾಗ ಯೂನಿಟ್ಟನ್ನು ನೋಡುವ ಕಣ್ಣೂ ಮುಚ್ಚಿಹೋಗುತ್ತದೆ. ಸೊನ್ನೆ ಬಿಲ್ಲಿನಲ್ಲಿಯೂ ಬಳಸಿದ ಯೂನಿಟ್ ಮುದ್ರಿತವಾಗಿರುತ್ತದೆ. ಆ ಯೂನಿಟ್ ಎಲ್ಲಿಂದಲೋ ಬಂದಿರುತ್ತದೆ: ರಾಯಚೂರಿನ ಕಲ್ಲಿದ್ದಲಿನಿಂದ, ಕೈಗಾದ ಸ್ಥಾವರದಿಂದ, ಪಾವಗಡದ ಬಿಸಿಲಿನಿಂದ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಳುಗಿಸಿದ ಊರುಗಳ ಮೇಲೆ ನಿಂತ ನೀರಿನಿಂದ. ಯಾವ ಯೂನಿಟ್ ಎಲ್ಲಿಯದೆಂದು ತಂತಿ ಹೇಳುವುದಿಲ್ಲ. ಶರಾವತಿಯಲ್ಲಿ ನೆಲ ಕಳೆದುಕೊಂಡವರ ಎಷ್ಟೋ ಮನೆಗಳಿಗೆ ಆ ನದಿಯ ವಿದ್ಯುತ್ತು ದಶಕಗಳವರೆಗೆ ತಲುಪಲಿಲ್ಲ ಎಂಬುದನ್ನೂ ಅದು ಹೇಳುವುದಿಲ್ಲ. 1995ರಲ್ಲಿ ಆರಂಭವಾದ ಸೆಲ್ಕೋದಂಥ ಸಂಸ್ಥೆಗಳು ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ ಕರಾವಳಿ, ಮಲೆನಾಡಿನ ಒಂಟಿಮನೆಗಳಿಗೆ ಎರಡು-ನಾಲ್ಕು ದೀಪಗಳ ಸೌರ ವ್ಯವಸ್ಥೆ ಒದಗಿಸಿದ್ದು ಈ ಕತ್ತಲೆಯಲ್ಲಿಯೇ. ಅಂಥ ಮನೆಗಳಲ್ಲಿ ಒಂದೊಂದು ವ್ಯಾಟಿಗೂ ಲೆಕ್ಕವಿತ್ತು. ಸಂಜೆ ಯಾವ ದೀಪ ಎಷ್ಟು ಹೊತ್ತು ಎಂಬುದು ಮನೆಯ ಎಲ್ಲರಿಗೂ ಗೊತ್ತಿತ್ತು.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಗ್ರಿಡ್ಡಿಗೆ ಸೇರಿದ ತಾರಸಿ ಫಲಕಗಳಿಗೆ 78 ಸಾವಿರ ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ಆ ಸಹಾಯಧನ ಫಲಕದ ಸಾಮರ್ಥ್ಯದ ಮೇಲೆ ನಿಗದಿಯಾಗುತ್ತದೆ, ಬ್ಯಾಟರಿಯ ಮೇಲೆ ಅಲ್ಲ. ಬ್ಯಾಟರಿಯಿಲ್ಲದ ಗ್ರಿಡ್ ವ್ಯವಸ್ಥೆ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯವಾಗದಿರಲೆಂದು ಹಾಗೆ ಮಾಡಲಾಗಿದೆ. ಆದರೆ ಮಧ್ಯಾಹ್ನದ ಬಿಸಿಲು ಅಲ್ಲಿ ವ್ಯರ್ಥವಾಗದೆ ನೆರೆಯವರಿಗೆ ಹರಿಯುತ್ತದೆ. ಬ್ಯಾಟರಿಯ ಮನೆಗೆ ಕತ್ತಲೆಯ ಹೊತ್ತಿನ ಆಸರೆ, ಗ್ರಿಡ್ಡಿನ ಮನೆಗೆ ಬಿಸಿಲಿನ ಸದ್ಬಳಕೆ. ಯಾವುದು ಬೇಕೆಂದು ನಿರ್ಧರಿಸದೆ ಕೊಂಡವರಿಗೆ ಎರಡೂ ನಿರಾಶೆ ತರುತ್ತವೆ.

ಟ್ಯಾಂಕಿನಿಂದ ಕಣಿವೆಗೆ

ಹೇರೋಹಳ್ಳಿಯ ಪ್ರತಿ ತಾರಸಿಯ ಮೇಲೂ ಒಂದು ಪುಟ್ಟ ‘ಪಂಪ್ಡ್ ಸ್ಟೋರೇಜ್’ ಇದೆ, ಅದೇ ನೀರಿನ ಟ್ಯಾಂಕು. ಸಾವಿರ ಲೀಟರ್ ನೀರನ್ನು 12 ಮೀಟರ್ ಎತ್ತರಕ್ಕೆ ಏರಿಸಿದಾಗ ಅದರಲ್ಲಿ ಅಡಗುವ ಶಕ್ತಿ ಸುಮಾರು 33 ವ್ಯಾಟ್-ಗಂಟೆ. ಒಂದು 9 ವ್ಯಾಟಿನ ಎಲ್‌ಇಡಿ ದೀಪ ನಾಲ್ಕು ಗಂಟೆಯೂ ಉರಿಯಲಾರದಷ್ಟು. ಒಂದು 150 ಆಂಪಿಯರ್-ಗಂಟೆಯ ಬ್ಯಾಟರಿಯ 1.8 ಯೂನಿಟ್ಟನ್ನು ಇದೇ ಎತ್ತರದ ಟ್ಯಾಂಕಿನಲ್ಲಿ ಕೂಡಿಡಬೇಕಾದರೆ 55 ಸಾವಿರ ಲೀಟರ್ ನೀರು ಬೇಕು. ನೀರು ಶಕ್ತಿಯನ್ನು ಬಹಳ ತೆಳುವಾಗಿ ಹೊರುತ್ತದೆ. ಎತ್ತರ 400 ಮೀಟರ್ ಆದಾಗ ಮಾತ್ರ ಒಂದು ಯೂನಿಟ್ಟಿಗೆ ಬೇಕಾಗುವ ನೀರು 900 ಲೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಇಂಜಿನಿಯರುಗಳ ಕಣ್ಣು ಘಟ್ಟದ ಅಂಚಿನ ಮೇಲೆಯೇ ಏಕೆ ಬೀಳುತ್ತದೆ ಎಂಬುದಕ್ಕೆ ಇಷ್ಟು ಭೌತಶಾಸ್ತ್ರ ಸಾಕು.

ಕರ್ನಾಟಕ ವಿದ್ಯುತ್ ನಿಗಮ ರೂಪಿಸಿರುವ 2000 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ತಲಕಳಲೆಯನ್ನು ಮೇಲಿನ ಜಲಾಶಯವಾಗಿಯೂ ಗೇರುಸೊಪ್ಪೆಯನ್ನು ಕೆಳಗಿನ ಜಲಾಶಯವಾಗಿಯೂ ಬಳಸಿಕೊಳ್ಳುತ್ತದೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆ ಇಳಿಸಿ ವಿದ್ಯುತ್ ಪಡೆಯುವುದು ಉದ್ದೇಶ. ಎರಡೂ ಜಲಾಶಯಗಳು ಈಗಾಗಲೇ ಇರುವಂಥವು, ನಿಜ. ಆದರೆ ಸುರಂಗ, ರಸ್ತೆ, ವಿದ್ಯುತ್ ಮಾರ್ಗಗಳು ಹಾಯಬೇಕಾದದ್ದು 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಕಾಡಿನೊಳಗೆ. ಮರದಿಂದ ಮರಕ್ಕೆ ಸಾಗಿ ಬದುಕುವ ಸಿಂಗಳೀಕಕ್ಕೆ ಕಾಡಿನ ಮೇಲ್ಛಾವಣಿಯಲ್ಲಿ ಬಿದ್ದ ಒಂದು ಸೀಳೂ ದೊಡ್ಡದು.

ಇದಕ್ಕೆ ‘ಬೆಂಗಳೂರಿನ ತಾರಸಿಗಳಲ್ಲಿ ಬ್ಯಾಟರಿ ಇಡಿ’ ಎಂಬುದು ಸಿದ್ಧ ಉತ್ತರ. ಈ ಉತ್ತರವನ್ನೂ ಯೂನಿಟ್ಟಿನಲ್ಲಿ ತೂಗಬೇಕು. 2000 ಮೆಗಾವ್ಯಾಟ್ ಸ್ಥಾವರ ಸಂಜೆ ಆರು ಗಂಟೆಗಳ ಕಾಲ ಪೂರ್ಣವಾಗಿ ಓಡಿದರೆ 1.2 ಕೋಟಿ ಯೂನಿಟ್. ಮೇಲೆ ಹೇಳಿದ, ಬಳಸಲು 1.8 ಯೂನಿಟ್ ದಕ್ಕುವ ಮನೆಗಳಿಂದ ಇಷ್ಟನ್ನು ಪಡೆಯಬೇಕಾದರೆ ಸುಮಾರು 67 ಲಕ್ಷ ಮನೆಗಳು ಬೇಕು. ಅಂದರೆ ಒಂದೊಂದೂ 50 ಕಿಲೋಗ್ರಾಂ ಮೀರಿ ತೂಗುವ 1.3 ಕೋಟಿಗೂ ಹೆಚ್ಚು ಸೀಸದ ಬ್ಯಾಟರಿಗಳು, ಅದೂ ಕೆಲವೇ ವರ್ಷಗಳಿಗೊಮ್ಮೆ ಬದಲಾಗಬೇಕಾದವು. ಹಳೆಯ ಬ್ಯಾಟರಿಯನ್ನು ತಯಾರಕರೇ ಹಿಂದಕ್ಕೆ ಪಡೆಯಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಆದರೂ ಗುಜರಿಯ ಹಿತ್ತಿಲಲ್ಲಿ ಸೀಸ ಕರಗಿಸುವ ಒಲೆಗಳು ಎಲ್ಲಿವೆ, ಆ ಹೊಗೆ ಯಾರ ಮಕ್ಕಳ ರಕ್ತ ಸೇರುತ್ತದೆ ಎಂದು ಕೇಳದೆ ಈ ಉತ್ತರವನ್ನು ಹಸಿರು ಎನ್ನುವಂತಿಲ್ಲ. ಕಣಿವೆಯನ್ನು ಉಳಿಸಲು ನಗರದ ಅಂಚಿನ ಇನ್ನಾರದೋ ಬದುಕನ್ನು ಒತ್ತೆಯಿಡುವುದು ಪರಿಸರವಾದವಾಗದು.

ಹಾಗಾದರೆ ಯೋಜನೆಯ ವಾದವೇ ಗೆದ್ದಂತಾಯಿತೇ? ಅದೇ ಲೆಕ್ಕವನ್ನು ಮುಂದುವರಿಸಬೇಕು. ಪಂಪ್ಡ್ ಸ್ಟೋರೇಜ್ ವ್ಯವಸ್ಥೆ ಸಾಮಾನ್ಯವಾಗಿ ಮೇಲೆತ್ತಲು ತಿಂದದ್ದರಲ್ಲಿ ಶೇ. 75ರಿಂದ 80ರಷ್ಟನ್ನು ಮರಳಿ ಕೊಡುತ್ತದೆ. ಶೇ. 80 ಎಂದೇ ಹಿಡಿದರೂ 1.2 ಕೋಟಿ ಯೂನಿಟ್ ಪಡೆಯಲು 1.5 ಕೋಟಿ ಕೊಡಬೇಕು. ದಿನಕ್ಕೆ 30 ಲಕ್ಷ ಯೂನಿಟ್ ನಷ್ಟ. ಇನ್ನು ರಾಜ್ಯದಲ್ಲಿ ಒಂದು ಕೋಟಿ ಹಳೆಯ ಫ್ಯಾನುಗಳನ್ನು 30 ವ್ಯಾಟಿನವಕ್ಕೆ ಬದಲಾಯಿಸಿದರೆ, ಒಂದೊಂದಕ್ಕೆ 45 ವ್ಯಾಟಿನಂತೆ 450 ಮೆಗಾವ್ಯಾಟ್ ಉಳಿತಾಯ. ಅವು ಸಂಜೆಯ ಆರು ಗಂಟೆ ತಿರುಗಿದರೆ 27 ಲಕ್ಷ ಯೂನಿಟ್. ಸುರಂಗದ ಆಚೆ ಸಿಗಲಿರುವ ವಿದ್ಯುತ್ತಿನಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚಿನದು ಬರೀ ಫ್ಯಾನಿನಲ್ಲಿದೆ. ಹಗಲಿಗೆ ಸರಿಸಬಹುದಾದ ನೀರಿನ ಮೋಟಾರು, ಹಗಲಿನಲ್ಲೇ ಓಡಬಲ್ಲ ಕೃಷಿ ಪಂಪುಸೆಟ್ಟು, ಸಬ್‌ಸ್ಟೇಷನ್ನುಗಳ ಬಯಲಿನಲ್ಲಿ ಇಡಬಹುದಾದ ದೊಡ್ಡ ಬ್ಯಾಟರಿಗಳು ಇವನ್ನೂ ಇದೇ ಅಳತೆಯಲ್ಲಿ ಸೇರಿಸಿದ ಮೇಲೆ ಉಳಿಯುವ ಕೊರತೆ ಎಷ್ಟು? ಆ ಕೊರತೆಗೆ ಅಭಯಾರಣ್ಯವೇ ಬೇಕೆ? ಕೇಳಬೇಕಾದ ಪ್ರಶ್ನೆ ಇದು. ಮಲೆನಾಡಿನ ಚಳವಳಿ ಸರ್ಕಾರದಿಂದ ಬೇಡಬೇಕಾದದ್ದು ಯೂನಿಟ್ಟಿಗೆ ಯೂನಿಟ್ ಹೋಲಿಸಿದ, ಸಾರ್ವಜನಿಕವಾದ ಪರ್ಯಾಯಗಳ ಪಟ್ಟಿ. ಅದಿಲ್ಲದೆ ಅಗತ್ಯ ಅನಿವಾರ್ಯವೆಂದು ಹೇಳುವುದು ಅವೈಜ್ಞಾನಿಕ.

ಮಳೆ ಪುಸ್ತಕದ ಪಕ್ಕದಲ್ಲಿ

ಹೇರೋಹಳ್ಳಿಯ ಮನೆ ಈ ದೊಡ್ಡ ಲೆಕ್ಕದಲ್ಲಿ ಕಾಣದಷ್ಟು ಚಿಕ್ಕದು. ಆದರೆ ಈ ಲೆಕ್ಕವನ್ನು ಕಲಿಯುವ ಶಾಲೆ ಅದೇ. ತನ್ನ ಮನೆಯ 3.4ಕ್ಕೂ 2.3ಕ್ಕೂ ಇರುವ ಅಂತರವನ್ನು ಅರಿತ ಗೃಹಸ್ಥರಿಗೆ, 1.5 ಕೋಟಿ ಕೊಟ್ಟು 1.2 ಕೋಟಿ ಪಡೆಯುವ ಯೋಜನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಟಿಗೂ ಯೂನಿಟ್ಟಿಗೂ ಇರುವ ಭೇದ ತಿಳಿದವರು 2000 ಮೆಗಾವ್ಯಾಟ್ ಎಂಬ ಸಂಖ್ಯೆ ಕೇಳಿದೊಡನೆ ‘ಎಷ್ಟು ಗಂಟೆ?’ ಎಂದು ಮರುಪ್ರಶ್ನೆ ಹಾಕುತ್ತಾರೆ.

ಅದಕ್ಕೆ ಬೇಕಾದದ್ದು ಅಲ್ಪ. ಮಲೆನಾಡಿನ ಅನೇಕ ಬೆಳೆಗಾರರ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ತಲೆಮಾರುಗಳಿಂದ ಇದೆ. ದಿನವೂ ನಿಗದಿತ ಹೊತ್ತಿಗೆ ಮಾಪಕ ನೋಡಿ ಬರೆಯುವುದು ಅಲ್ಲಿ ರೂಢಿ. ಸೌರ ವ್ಯವಸ್ಥೆಯ ಮನೆಗಳೂ, ಅದು ಹೇರೋಹಳ್ಳಿಯಲ್ಲಿರಲಿ ಹೊಸನಗರದಲ್ಲಿರಲಿ, ಅಂಥದೊಂದು ಪುಸ್ತಕ ಇಡಬಹುದು. ಬೆಳಿಗ್ಗೆ ಬಿಸಿಲೇರುವ ಮುನ್ನ, ದೊಡ್ಡ ಬಳಕೆ ಇಲ್ಲದ ಹೊತ್ತಿನಲ್ಲಿ ಬ್ಯಾಟರಿಯ ವೋಲ್ಟೇಜು. ಸಂಜೆ ಫಲಕದ ಒಟ್ಟು ಯೂನಿಟ್, ಮನೆಗೆ ಹೋದ ಯೂನಿಟ್, ಗ್ರಿಡ್ಡಿನಿಂದ ಬಂದ ಯೂನಿಟ್. ನಾಲ್ಕೇ ಅಂಕಿ. ಒಂದು ವರ್ಷ ಬರೆದರೆ ಬ್ಯಾಟರಿ ಮುಪ್ಪಾಗುವುದು, ಫಲಕಕ್ಕೆ ಧೂಳು ಕೂರುವುದು, ನೆರೆಮನೆಯ ಹೊಸ ಮಹಡಿಯ ನೆರಳು, ಇನ್ವರ್ಟರಿನ ತಪ್ಪು ಹೊಂದಿಕೆ ಎಲ್ಲವೂ ಆ ಅಂಕಿಗಳಲ್ಲಿ ತಾವಾಗಿ ಕಾಣಿಸಿಕೊಳ್ಳುತ್ತವೆ. ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಫಲಕದ ಅಂಕಿ ಕುಸಿಯುವಾಗ ಅದರ ಪಕ್ಕದಲ್ಲೇ ಹಳ್ಳದ ನೀರಿಗೆ ಕಟ್ಟಿದ ಪುಟ್ಟ ಟರ್ಬೈನಿನ ಅಂಕಿ ಏರುವುದನ್ನೂ ಬರೆಯಬಹುದು.

ಇಂಥ ನೂರು ಮನೆಗಳ ಒಂದು ವರ್ಷದ ಪುಸ್ತಕಗಳು ಮುಂದಿನ ಸಾರ್ವಜನಿಕ ಅಹವಾಲು ಸಭೆಯ ಮೇಜಿನ ಮೇಲೆ ಬಂದು ಕೂತರೆ, ಸಂಜೆಯ ಬೇಡಿಕೆ ಅನಿವಾರ್ಯವೆಂದು ಹೇಳುವ ಅಧಿಕಾರಿ ಮೊದಲು ಆ ಪುಟಗಳಿಗೆ ಉತ್ತರ ಕೊಡಬೇಕಾಗುತ್ತದೆ. ಘೋಷಣೆ ಕೂಗಿ ಮನೆಗೆ ಹೋದವರಿಗೆ ಉತ್ತರ ಕೊಡುವುದಕ್ಕಿಂತ ಅದು ಕಷ್ಟದ ಕೆಲಸ.